ಬಿಳಿ ಪುಡಿಯ ಜ್ವರ

ಸೊಸೆ ಒಲೆಯ ಮೇಲೆ ಮರೆತ ನಾನ್‌ಸ್ಟಿಕ್ ತವಾದ ಸುಟ್ಟ ವಾಸನೆ ಮೂಗಿಗೆ ಬಡಿದಾಗ ಅಪ್ಪ ನೆನಪಾದರು. ಯಶವಂತಪುರದ ಕಾರ್ಖಾನೆಯೊಂದರಲ್ಲಿ ಅವರು ಅದೇ ಜಾತಿಯ, ಏನೂ ಅಂಟದ ಬಿಳಿ ಪ್ಲಾಸ್ಟಿಕ್ಕನ್ನು ಲೇತ್‌ನಲ್ಲಿ ಕಡೆದು ಯಂತ್ರಗಳಿಗೆ ಬುಷ್ ಎಂಬ ಬಳೆಯಂಥ ಬಿಡಿಭಾಗ ಮಾಡುತ್ತಿದ್ದರು. ಪುಡಿ ಮೆತ್ತಿದ ಕೈಯಲ್ಲೇ ಬೀಡಿ ಸೇದುತ್ತಿದ್ದರು. ಎಷ್ಟೋ ಸಂಜೆ ಚಳಿಜ್ವರದಿಂದ ನಡುಗುತ್ತಾ ಬಂದು ಕಂಬಳಿ ಹೊದೆಯುತ್ತಿದ್ದರು. ಬೆಳಗಾದರೆ ಜ್ವರ ಇರುತ್ತಿರಲಿಲ್ಲ.

"ಕುಡಿದು ನಾಟಕ ಆಡ್ತೀಯಾ?" ಎಂದು, ಒಂದು ದಿನ ಕೆಲಸದ ನಡುವೆಯೇ ನಡುಗುತ್ತಿದ್ದ ಅವರನ್ನು ಸೂಪರ್‌ವೈಸರ್ ಕೆಲಸದಿಂದ ತೆಗೆದ.

ಅಂದು ಅಪ್ಪ ಅಮ್ಮನಿಗೆ ಹೇಳಿದರು: "ಅವ್ನು ಸೋಪ್ ಹಾಕಿ ಕೈ ತೊಳ್ಕೊಂಡೇ ಸಿಗರೇಟ್ ಹಚ್ಚೋದು ಕಣೇ. ಆ ಪುಡಿ ಸುಟ್ಟ ಹೊಗೆಯಿಂದ ಜ್ವರ ಬರುತ್ತೆ ಅಂತ ಅವ್ನಿಗೆ ಗೊತ್ತಿತ್ತು. ನಮಗೆ ಹೇಳ್ಲಿಲ್ಲ."

ಅಪ್ಪ ಹೆಂಡ ಮುಟ್ಟಿದವರೇ ಅಲ್ಲ. ಆದರೂ ಬೇರೆ ಯಾವ ಕಾರ್ಖಾನೆಯೂ ಅವರನ್ನು ಸೇರಿಸಲಿಲ್ಲ.

ಮೊನ್ನೆ ಹಳೆಯ ನೆರೆಯವರೊಬ್ಬರು ನನ್ನ ಗುರುತು ಹಿಡಿದು ಕೇಳಿದರು: "ನೀನು ಆ ಕುಡುಕನ ಮಗ ಅಲ್ವೇನೋ?"