ಚೀಟಿಯಲ್ಲಿ ಬರೆಯದ ಕಬ್ಬಿಣ

ಮೈಸೂರಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನ ಸಂಜೆ ನಲ್ಲಿಯ ಕೆಳಗೆ ಕೈ ಹಿಡಿದಾಗ ನೀರು ಕೆಂಪಗೆ ಹರಿಯಿತು. ಎಲ್ಲಿ ಕೊಯ್ದುಕೊಂಡೆ ಎಂದು ಬೆರಳುಗಳನ್ನು ಒಂದೊಂದಾಗಿ ನೋಡಿಕೊಂಡೆ. ಹಿಂದೆ ಯಾರೋ ನಕ್ಕರು.

"ಎದರ್ಕೋಬೇಡಿ ಕಣ್ರೀ, ರಕ್ತ ಅಲ್ಲ, ಕಬ್ಬಿಣದ ಪುಡಿ. ಮೂರು ಸಲ ಸೋಪ್ ಹಾಕಿ. ಆಮೇಲೂ ಉಗುರಲ್ಲಿ ಇದ್ದೇ ಇರ್ತದೆ ಬುಡಿ."

ನಕ್ಕವಳು ನನ್ನ ಜೊತೆ ಕೆಲಸ ಮಾಡುವ ನಾಗಮಣಿ, ಎಲ್ಲರ ಬಾಯಲ್ಲಿ ಮಣಿ. ಅಶೋಕಪುರಂನವಳು, ಪಿಯುಸಿ ಓದಿದವಳು, ನನಗಿಂತ ನಾಲ್ಕು ವರ್ಷ ದೊಡ್ಡವಳು. ನಾನು ರಾಯಚೂರಿನವಳು, ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ನಮ್ಮ 'ಬಿಡ್ರಿ' ಇಲ್ಲಿ 'ಬುಡಿ' ಎಂದು ತಿಳಿಯಲು ಅರೆಕ್ಷಣ ಬೇಕಾಯಿತು.

ಊರಿನವರಿಗೆ ನನ್ನ ಕೆಲಸ ಏನೆಂದು ಹೇಳಬೇಕು. ಅದು ತೊಂಬತ್ತರ ದಶಕದ ಕೊನೆ. ಮೊಬೈಲ್ ಟವರ್‌ಗಳು ಆಗಷ್ಟೇ ಏಳುತ್ತಿದ್ದವು. ಟವರ್‌ನ ಯಂತ್ರದೊಳಗೆ ನಾಣ್ಯದಂಥ ಕಪ್ಪು ಬಿಲ್ಲೆಗಳಿರುತ್ತವೆ. ಅವು ಲೋಹವಲ್ಲ, ಪಿಂಗಾಣಿಯಂತೆ ಸುಟ್ಟು ಮಾಡಿದವು. ಆದರೂ ಅಯಸ್ಕಾಂತ ಅವನ್ನು ಸೆಳೆಯುತ್ತದೆ. ಹೆಸರು ಫೆರೈಟ್. ಅದರ ನೆರವಿನಿಂದ ರೇಡಿಯೋ ಅಲೆ ಒಂದೇ ದಿಕ್ಕಿಗೆ ಹೋಗುತ್ತದೆ, ಹಿಂದಿರುಗುವುದಿಲ್ಲ. ಬಿಲ್ಲೆ ಸರಿಯಿಲ್ಲದಿದ್ದರೆ ಅಲೆಯ ಒಂದು ಪಾಲು ಅದರೊಳಗೇ ಬಿಸಿಯಾಗಿ ಮುಗಿದುಹೋಗುತ್ತದೆ. ಆ ಪಾಲನ್ನು ಕಡಿಮೆ ಮಾಡುವುದು ನಮ್ಮ ಸಣ್ಣ ಪ್ರಯೋಗಾಲಯದ ಕೆಲಸ. ಕಬ್ಬಿಣ, ಮೆಗ್ನೀಸಿಯಂ, ಮ್ಯಾಂಗನೀಸ್‌ಗಳ ಆಕ್ಸೈಡ್ ಪುಡಿಯನ್ನು ಪ್ರಮಾಣ ಬರೆದ ಚೀಟಿ ನೋಡಿ ತೂಗಿ, ನೀರು ಮತ್ತು ಉಕ್ಕಿನ ಗುಂಡುಗಳ ಜೊತೆ ಜಾಡಿಗೆ ಹಾಕಿ, ಜಾಡಿಯನ್ನು ಇಡೀ ದಿನ ಉರುಳಿಸಿ ಅರೆಯುತ್ತಿದ್ದೆವು. ಆಮೇಲೆ ಒಣಗಿಸಿ, ಅಚ್ಚಿನಲ್ಲಿ ಒತ್ತಿ, ಕುಲುಮೆಯಲ್ಲಿ ಸುಡುತ್ತಿದ್ದೆವು.

"ಆರು ತಿಂಗಳೊಳಗೆ ನಿಮ್ಮ ಕೈಯಿಂದ ಒಂದು ಒಳ್ಳೇ ಬ್ಯಾಚ್ ಬರ್ಲಿ, ಕೆಲಸ ಖಾಯಂ. ಬರ್ದಿದ್ರೆ ನಾನೇನೂ ಮಾಡಕ್ಕಾಗಲ್ಲ," ಎಂದು ನಮ್ಮ ಮೇಲಿನ ಸರ್ ಮೊದಲೇ ಹೇಳಿದ್ದರು.

ಚಾಮರಾಜಪುರಂನಲ್ಲಿ ಒಂದು ಮನೆಯ ಹಿಂಭಾಗದ ಕೋಣೆ ಸಿಕ್ಕಿತು. ನಾನು ಸಹಜವಾಗಿ ಮಾತಾಡಿದರೂ ಮನೆಯೊಡತಿ "ಯಾರ್ ಹತ್ರ ಜಗಳ?" ಎಂದು ಬಾಗಿಲಿಗೆ ಬರುತ್ತಿದ್ದರು. ರಾಯಚೂರಿನಲ್ಲಿ ಹರವಿದ ಸೀರೆ ಸಾರು ಕುದಿಯುವಷ್ಟರಲ್ಲಿ ಒಣಗುತ್ತದೆ. ಇಲ್ಲಿ ಆಷಾಢದಲ್ಲಿ ಎರಡು ದಿನ ಹಸಿಯಾಗಿಯೇ ತೂಗುತ್ತಿತ್ತು. ಜೋಳದ ಹಿಟ್ಟು ಸಿಕ್ಕರೂ ಹಳೆಯದು, ತಟ್ಟಿದರೆ ರೊಟ್ಟಿ ಒಡೆಯುತ್ತಿತ್ತು. ಮಣಿ ಡಬ್ಬಿಯಲ್ಲಿ ಮುದ್ದೆ, ಉಪ್ಸಾರು ತರುತ್ತಿದ್ದಳು. ಸೊಪ್ಪು, ಬೇಳೆ ಬೇಯಿಸಿದ ನೀರಿಗೆ ಉಪ್ಪು ಹಾಕಿ, ಅರೆದ ಖಾರ ಕಲಸಿಕೊಂಡು ತಿನ್ನುವ ತಿಳಿಸಾರು ಅದು. "ನುಂಗಿ ಕಣ್ರೀ, ಅಗೀಬಾರ್ದು," ಎಂದು ನನಗೂ ಬಡಿಸುತ್ತಿದ್ದಳು. ನುಂಗುತ್ತಿದ್ದೆ. ನುಂಗುತ್ತಲೇ ಹೊಟ್ಟೆಕಿಚ್ಚು ಪಡುತ್ತಿದ್ದೆ.

ಬಿಲ್ಲೆಗಳ ಪರೀಕ್ಷೆಗೆ ಒಂದು ಪರದೆ ಇತ್ತು. ಅಲೆ ಕಡಿಮೆ ವ್ಯರ್ಥವಾದರೆ ಗೆರೆ ಚೂಪಾಗಿ ಏಳುತ್ತದೆ. ಮಣಿಯ ಗೆರೆ ಸೂಜಿಯಂತೆ ನಿಲ್ಲುತ್ತಿತ್ತು. ನನ್ನದು ಗುಡ್ಡ. ಐದು ತಿಂಗಳು ಅದೇ ಗುಡ್ಡ. ನಾನು ಚೀಟಿಯಲ್ಲಿದ್ದ ತೂಕವನ್ನು ಕೂದಲೆಳೆಯೂ ತಪ್ಪದೆ ತೂಗುತ್ತಿದ್ದೆ. "ಮಣಿ ಕೈಗುಣ," ಎನ್ನುತ್ತಿದ್ದರು ಸರ್. ಲಕ್ಷ್ಮೀಪುರಂನ ತರಕಾರಿ ಅಂಗಡಿಗೆ ಇಬ್ಬರೂ ಹೋದರೆ ಅವಳ ಚೀಲಕ್ಕೆ ಕೇಳದೆಯೇ ಕೊತ್ತಂಬರಿ ಬೀಳುತ್ತಿತ್ತು. ನನಗೆ ಬೀಳುತ್ತಿದ್ದದ್ದು ಪ್ರಶ್ನೆ: "ಯಾವೂರಮ್ಮ ನಿಮ್ದು?"

ಆರನೆಯ ತಿಂಗಳು ಮಣಿ ಗಿರಾಕಿಯೊಬ್ಬರಿಗೆ ಹೋಗಬೇಕಿದ್ದ ಬ್ಯಾಚಿಗೆ ಪುಡಿಗಳನ್ನು ತೂಗಿ, ಮೂರು ಕಾಗದಗಳ ಮೇಲಿಟ್ಟು ಊಟಕ್ಕೆ ಹೋದಳು. ನಾನು ಕಬ್ಬಿಣದ ಕಾಗದವನ್ನು ತಕ್ಕಡಿಗೆ ಇಟ್ಟೆ. ಚೀಟಿಯಲ್ಲಿದ್ದುದಕ್ಕಿಂತ ಕಡಿಮೆ ಇತ್ತು. ಮತ್ತೆ ಇಟ್ಟು ನೋಡಿದೆ. ಕಡಿಮೆಯೇ. ಡಬ್ಬಿಯಿಂದ ಕೆಂಪು ಪುಡಿ ತೆಗೆದು, ಕೊರತೆಯಿದ್ದಷ್ಟನ್ನು ಸೇರಿಸಿ, ಕಾಗದವನ್ನು ಇದ್ದಲ್ಲೇ ಇಟ್ಟೆ.

ತಪ್ಪು ತಿದ್ದುತ್ತಿದ್ದೇನೆ ಎಂದು ಹೇಳಿಕೊಂಡೆ. ಆದರೆ ತಿದ್ದುವುದಷ್ಟೇ ಬೇಕಿದ್ದರೆ ಅವಳು ಬರುವವರೆಗೆ ಕಾಯಬಹುದಿತ್ತು. ಗೆರೆ ಚೆನ್ನಾಗಿ ಬಂದರೆ ಅದು ಅವಳ ಕೈಗುಣವಲ್ಲ, ಕೆಟ್ಟರೆ ಅವಳ ಹೆಸರು ಕೆಡುತ್ತದೆ. ಎರಡರಲ್ಲೂ ನನಗೆ ಸುಖವಿತ್ತು. ಇದು ಆ ಹೊತ್ತೇ ನನಗೆ ಗೊತ್ತಿತ್ತು.

ಗೆರೆ ಗುಡ್ಡವಾಗಿ ಬಂತು.

ಮಣಿ ಬಗ್ಗಿ ಪರದೆಯನ್ನು ಹತ್ತಿರದಿಂದ ನೋಡಿದಳು. ಆಮೇಲೆ ತನ್ನ ನೋಟ್‌ಬುಕ್ ತೆರೆದಳು. ಪ್ರತಿಸಲ ಅರೆಯುವ ಮೊದಲು ಮತ್ತು ಅರೆದ ಮೇಲೆ ಅವಳು ಉಕ್ಕಿನ ಗುಂಡುಗಳನ್ನು ತೊಳೆದು, ಒಣಗಿಸಿ, ತೂಗಿ ಬರೆದಿಡುತ್ತಿದ್ದಳು. ಅದು ಬರೀ ಅಚ್ಚುಕಟ್ಟಿನ ಅಭ್ಯಾಸ ಎಂದುಕೊಂಡಿದ್ದೆ.

"ಗುಂಡು ಸವೆದಿರೋದು ಯಾವಾಗ್ಲೂ ಸವೆಯೋವಷ್ಟೇ," ಎಂದಳು. "ಗೆರೆ ಇಂಗೆ ಗುಡ್ಡ ಆಗೋದು ಕಬ್ಬಿಣ ಎಚ್ಚಾದ್ರೇ. ಆ ಎಚ್ಚಿನ ಕಬ್ಬಿಣ ಗುಂಡಿಂದ ಬಂದಿಲ್ಲ."

ಆಗ ನನಗೆ ಹೊಳೆಯಿತು. ಗುಂಡು ಸವೆಯುತ್ತದೆ. ಸವೆದದ್ದು ಪುಡಿಗೆ ಸೇರುತ್ತದೆ. ಅದಕ್ಕೇ ಅವಳು ಮೊದಲೇ ಅಷ್ಟು ಕಬ್ಬಿಣ ಕಡಿಮೆ ಹಾಕುತ್ತಿದ್ದಳು. ಹೆಚ್ಚಾದ ಕಬ್ಬಿಣವೇ ಅಲೆಯನ್ನು ತಿನ್ನುತ್ತಿತ್ತು. ಐದು ತಿಂಗಳಿಂದ ನನ್ನ ಬಿಲ್ಲೆಗಳಲ್ಲಿ ನಡೆದದ್ದೂ ಇದೇ.

"ನಾನೇ ಹಾಕೀನ್ರಿ, ಅಕ್ಕಾ. ನೀವು ಊಟಕ್ಕ ಹೋದಾಗ."

ಅವಳು ಪೆನ್ನಿನ ಮುಚ್ಚಳ ಹಾಕಿದಳು. "ಕೇಳೋದಲ್ವಾ ನನ್ನ?"

"ನನಗ ಯಾರೂ ಹೇಳಲಿಲ್ರಿ. ಚೀಟಿಯೊಳಗ ಬರ್ದಿಲ್ಲ."

"ಅದನ್ಯಾಕ್ ಬರೀತಾರೆ? ಇಲ್ಲಿ ಎಲ್ರಿಗೂ ಗೊತ್ತಿರೋದೇ." ನೋಟ್‌ಬುಕ್ ಮುಚ್ಚುತ್ತಾ ಅಂದಳು, "ಎಮ್ಮೆಸ್ಸಿ ಮಾಡಿರೋರು. ನಾನೇನು ಏಳೋದು ಅಂತ ಸುಮ್ಕಿದ್ದೆ. ನಂದೂ ಒಟ್ಟೆಕಿಚ್ಚೇ ಅಂದ್ಕಳಿ. ಆದ್ರೆ ನಿಮ್ ಜಾಡಿಗೆ ನಾನು ಕೈ ಹಾಕ್ಲಿಲ್ಲ."

ಆ ಕೊನೆಯ ಮಾತು ಇವತ್ತಿಗೂ ಕಿವಿಯಲ್ಲಿದೆ.

"ಸರ್‌ಗೆ ನಾನು ಏಳಲ್ಲ," ಎಂದಳು. "ನೀವೇ ಓಗಿ ಏಳಿ."

ಹೇಳಿದರೆ ರಾಯಚೂರಿನ ಬಸ್ಸೇ ಗತಿ ಎಂದುಕೊಂಡೇ ಹೋದೆ. ಸರ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಬೇರೆಯವರ ತೂಕ ಮುಟ್ಟಿದ್ರಲ್ಲ, ಅದು ನಿಮ್ಮ ತಪ್ಪು. ಚೀಟಿಯಲ್ಲಿ ಬರೀದೇ ಇದ್ದದ್ದು ನಂದು. ಇನ್ನೊಂದು ಬ್ಯಾಚ್ ಮಾಡಿ. ಮಣಿ ಪಕ್ಕದಲ್ಲಿರ್ತಾಳೆ, ಮುಟ್ಟಲ್ಲ."

ಆ ಬ್ಯಾಚಿನ ಗೆರೆ ಸೂಜಿಯಾಗಿ ಎದ್ದಿತು. ಕೆಲಸ ಉಳಿಯಿತು. ಗೆರೆ ನೋಡಿದ ಸರ್ ಮೊದಲು ಆಡಿದ ಮಾತು, "ಮಣಿ ಕಲಿಸಿದ್ದಾ?" ಅಂದು ಸಂಜೆ ಸಂತೋಷದಿಂದಲೇ ಮನೆಗೆ ನಡೆದೆ, ಆದರೆ ಆ ಮಾತು ದಾರಿಯುದ್ದಕ್ಕೂ ಚುಚ್ಚಿತು.

ಈಗ ವರ್ಷಗಳಾಗಿವೆ. ಟವರ್‌ಗಳು ರಾಯಚೂರಿಗೂ ಬಂದಿವೆ. ಊರಿಗೆ ಹೋದಾಗ ನನ್ನ ಬಾಯಿಂದ 'ಬುಡು' ಜಾರಿದರೆ ಅವ್ವ, "ಯಾರಾಕಿ ಇಕಿ, ಮೈಸೂರು ಮಹಾರಾಣಿ?" ಎಂದು ನಗುತ್ತಾಳೆ.

ಹೋದ ತಿಂಗಳು ಬೀದರಿನಿಂದ ಒಬ್ಬಳು ನಮ್ಮ ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದಳು. ಅವಳು ಕೇಳುವ ಮೊದಲೇ ಗುಂಡುಗಳನ್ನು ತಕ್ಕಡಿಗೆ ಇಟ್ಟು, ಸವೆದದ್ದು ಎಲ್ಲಿ ಹೋಗುತ್ತದೆಂದು ಹೇಳಿದೆ. ಚೀಟಿಯಲ್ಲೂ ಈಗ ಅದು ಬರೆದಿದೆ, ನನ್ನದೇ ಅಕ್ಷರದಲ್ಲಿ. ಅವಳು ಎಲ್ಲ ಕೇಳಿಸಿಕೊಂಡು, "ಮೇಡಂ, ನೀವು ಮೈಸೂರಿನವ್ರೇನ್ರಿ?" ಎಂದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಆಚೆಯ ಮೇಜಿನಿಂದ ಮಣಿ ಅಂದಳು, "ಇಲ್ಲ ಕಣಮ್ಮ, ಅವ್ರು ನಿಮ್ ಕಡೆಯೋರೇ."

ಆ ಹುಡುಗಿಯ ಮುಖ ಅರಳಿತು. ಮಣಿ ಪ್ರೀತಿಯಿಂದಲೇ ಹೇಳಿದ್ದಳು, ಹೇಳಿದ್ದು ನಿಜವೂ ಹೌದು. ನಾನು ನಲ್ಲಿಗೆ ಹೋಗಿ ಮೂರು ಸಲ ಸೋಪು ಹಾಕಿ ಕೈ ತೊಳೆದೆ. ಉಗುರಿನಲ್ಲಿ ಕೆಂಪು ಇದ್ದೇ ಇತ್ತು.