ವೈಂಡಿಂಗ್ ಕಾಕಾರ ನಿಧಾನದ ಮೋಟರ್

ಹೋದ ವಾರ ಎಲೆಕ್ಟ್ರಿಕ್ ಆಟೋ ರಿಪೇರಿ ಮಾಡುವ ಅಂಗಡಿಯಲ್ಲಿ ನನ್ನ ಹಳೆಯ ಮೂರು ಗಾಲಿಯ ಸೈಕಲ್ ಬಿಚ್ಚಿ ನೋಡಲು ಕೊಟ್ಟು ಕೂತಿದ್ದೆ. ಒಳಗಿನಿಂದ ವಾರ್ನಿಶ್ ವಾಸನೆ ಬಂತು. ಮೋಟರಿನ ತಾಮ್ರದ ತಂತಿಗೆ ಹಚ್ಚಿ ಒಣಗಿಸುತ್ತಾರಲ್ಲ, ಅದೇ ವಾರ್ನಿಶ್... ಸುಮ್ಮನೆ ಕಣ್ಣು ತುಂಬಿತು.

ನಮ್ಮೂರಲ್ಲಿ, ಶಹಾಬಜಾರದ ನಮ್ಮ ಓಣಿಯ ಬಾಯಿಗೇ ವೈಂಡಿಂಗ್ ಕಾಕಾರ ಅಂಗಡಿ ಇತ್ತು. ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವುದು ಅವರ ಕಸುಬು. ಸುತ್ತು ಎಣಿಸುವಾಗ ಸಾಕ್ಷಾತ್ ದೇವರೇ ಬಂದು ಮಾತಾಡಿಸಿದರೂ ಒಂದು ಬೆರಳೆತ್ತಿ ಸುಮ್ಮನೆ ಕೂರಿಸಿಬಿಡುತ್ತಿದ್ದರು. ಜಂಬವೂ ಅಷ್ಟೇ. "ನಾ ಕಟ್ಟಿದ ಮೋಟರ್ ನನ್ನ ಹೆಸರ ಕೆಡಸಂಗಿಲ್ಲ" ಅನ್ನುವುದು ದಿನದ ಮಂತ್ರ.

ನನಗೆ ಮೂರನೇ ವರ್ಷಕ್ಕೇ ಪೋಲಿಯೊ. ತೊಂಬತ್ತರ ದಶಕದಲ್ಲಿ ಕಮಲಾಪುರದ ಶಾಲೆಯಲ್ಲಿ ನೌಕರಿ ಸಿಕ್ಕು, ಅಲ್ಲೇ ಬಾಡಿಗೆಗೆ ಒಂದು ಖೋಲಿ ಹಿಡಿದೆ. ಶಾಲೆಗೆ ಏರು ದಾರಿ. ಕೈಯಿಂದ ತಿರುಗಿಸುವ ನನ್ನ ಸೈಕಲ್ ಅರ್ಧಕ್ಕೇ ನಿಲ್ಲುತ್ತಿತ್ತು. ದಿನವೂ ಯಾರನ್ನಾದರೂ ನೂಕಿರೆಂದು ಬೇಡಬೇಕು. ಒಂದು ದಿನ ಯಾರೂ ಸಿಗದೆ, ಪ್ರಾರ್ಥನೆಯ ಗಂಟೆ ಕೇಳುತ್ತ ದಾರಿಯ ನಡುವೆಯೇ ಕೂತೆ. ಆ ಶನಿವಾರ ಊರಿಗೆ ಬಂದವಳು ಕಾಕಾರ ಮುಂದೆ ಅತ್ತುಬಿಟ್ಟೆ.

"ನೌಕರಿ ಬಿಡ್ತೀನಿ ಕಾಕಾ. ನೂಕೋರು ಹಿಂದ ಇರ್ತಾರ, ಅವಸರದೋರು ಮುಂದ ಹೋಗ್ತಾರ. ನನ್ನ ಬಾಜೂಕ ಯಾರೂ ಬರಂಗಿಲ್ಲ."

ಅವರ ಕೈ ನಿಂತಿತು. ಎಣಿಕೆ ತಪ್ಪಿತು. ಅಲ್ಲಿಯತನಕ ಸುತ್ತಿದ್ದನ್ನೆಲ್ಲ ಬಿಚ್ಚುತ್ತ, "ಒಂದ್ ತಿಂಗಳ ತಡಿಯವ್ವ" ಅಂದರು.

ಸೈಕಲ್ಲನ್ನು ಬಸ್ಸಿನ ಮೇಲೆ ಹೇರಿಸಿ ತರಿಸಿಕೊಂಡರು. ಯಾವುದೋ ಕಾರ್ಖಾನೆಯಲ್ಲಿ ಮಾಲು ಎಳೆಯುತ್ತಿದ್ದ ಬ್ಯಾಟರಿ ಬಂಡಿಯ ಸುಟ್ಟ ಮೋಟರನ್ನು ಗುಜರಿಯಲ್ಲಿ ಹುಡುಕಿದರು. ಹೊಸ ತಂತಿ ಸುತ್ತಿ, ಸೀಟಿನ ಕೆಳಗೆ ಬ್ಯಾಟರಿ ಇಟ್ಟು, ಚೈನು ಹಾಕಿ, ಹಿಡಿಕೆಗೆ ವೇಗದ ಲಿವರ್ ಕೂಡಿಸಿದರು. ಮೊದಲು ತಾವೇ ಕೂತು, ತೊಡೆಯ ಮೇಲೊಂದು ಜೋಳದ ಚೀಲ ಇಟ್ಟುಕೊಂಡು ಓಣಿ ಸುತ್ತಿದರು. "ಕಾಕಾ, ಮೆರವಣಿಗಿ ಎಲ್ಲಿಗ್ರಿ?" ಎಂದು ಓಣಿಯೆಲ್ಲ ನಕ್ಕಿತು.

ಕಮಲಾಪುರದ ಆ ಏರನ್ನು ಮೊದಲ ಸಲ ಯಾರೂ ನೂಕದೆ ಹತ್ತಿದ ದಿನ ಕಾಕಾ ಬಾಜೂಕ ನಡೆಯುತ್ತಿದ್ದರು. ಹಿಗ್ಗಿಗೆ ಏನು ಹೇಳಬೇಕೋ ತಿಳಿಯದೆ, "ಎಷ್ಟ್ ನಿಧಾನ ಕಾಕಾ! ಎಮ್ಮಿನೂ ಇದಕ್ಕಿಂತ ಜೋರ ಹೋಗ್ತದ" ಅಂದೆ.

"ಮೋಟರ್ ಹಳೇದವ್ವ. ಏನ್ ಮಾಡೋದು" ಅಂದರು.

ಆ ಎಮ್ಮೆಯ ಮಾತನ್ನು ನಾನು ವರ್ಷಗಟ್ಟಲೆ ಬಿಡಲಿಲ್ಲ. ಅವರ ಗಿರಾಕಿಗಳೆದುರೂ ಅಂದೆ. ಕಾಕಾ ನಗುತ್ತಿದ್ದರು. ಇತ್ತ ಕಮಲಾಪುರದಲ್ಲಿ ಮಕ್ಕಳು ದಿನಾ ನನ್ನ ಸೀಟಿನ ಬದಿಗೆ ಕೈಯಿಟ್ಟು ನಡೆದು ಬರುತ್ತಿದ್ದರು, ಕೆಂಪು ಬಾಳೆಹಣ್ಣು ಸುಲಿಯುತ್ತ, ಮನೆಯ ಜಗಳವನ್ನೆಲ್ಲ ಹೇಳುತ್ತ... ನೌಕರಿ ಬಿಡುವ ಮಾತು ಮತ್ತೆ ನನ್ನ ಬಾಯಿಂದ ಬರಲಿಲ್ಲ.

ಕಾಕಾ ತೀರಿಕೊಂಡು ಹನ್ನೆರಡು ವರ್ಷವಾಯಿತು.

"ಟೀಚರ್, ಇಲ್ಲಿ ನೋಡ್ರಿ" ಎಂದು ರಿಪೇರಿ ಅಂಗಡಿಯ ಮೆಕ್ಯಾನಿಕ್, ಕಾಕಾ ಕೂಡಿಸಿದ್ದ ಲಿವರಿನ ಡಬ್ಬಿ ತೆರೆದು ತೋರಿಸಿದ. ಒಳಗೆ ಅಚ್ಚುಕಟ್ಟಾಗಿ ಕತ್ತರಿಸಿ ಕೂಡಿಸಿದ ಹಿತ್ತಾಳೆಯ ಪಟ್ಟಿ. "ಇದು ಲಿವರನ್ನ ಅರ್ಧಕ್ಕೇ ನಿಲ್ಲಸ್ತದ್ರಿ. ಬೇಕಂತಲೇ ಹಾಕ್ಯಾರ. ಮೋಟರ್ ಏನ್ ಕಮ್ಮಿ ಇಲ್ರಿ, ಇದರ ಎರಡ್ ಪಟ್ಟು ಓಡ್ತದ. ತೆಗೀಲೇನ್ರಿ?"

ಹೆಸರು ಕೆಡಬಾರದೆಂದೇ ಬದುಕಿದ ಮನುಷ್ಯ, ನನ್ನ ಬಾಜೂಕ ಯಾರಾದರೂ ನಡೆಯಲಿ ಎಂದು, ತಾವು ಕಟ್ಟಿದ ಮೋಟರಿಗೆ ನಾನಿಟ್ಟ ಎಮ್ಮೆಯ ಹೆಸರನ್ನು ನಗುತ್ತ ಒಪ್ಪಿಕೊಂಡಿದ್ದರು. ತಪ್ಪಾಯಿತು ಕಾಕಾ ಅನ್ನಲು ಅವರೂ ಇಲ್ಲ, ಓಣಿಯ ಬಾಯಿಗಿದ್ದ ಅವರ ಅಂಗಡಿಯೂ ಈಗಿಲ್ಲ...

"ಬ್ಯಾಡ್ರಿ. ಹಂಗ ಇರ್ಲಿ" ಅಂದೆ.

ಅದೇ ನಿಧಾನದಲ್ಲಿ ಮನೆಗೆ ಬಂದೆ. ರಸ್ತೆ ತುಂಬ ಜನರಿದ್ದರು. ಬಾಜೂಕ ಮಾತ್ರ ಒಬ್ಬರ ಜಾಗ ಖಾಲಿ ಇತ್ತು.