ಬಯೋಸ್ ಗೆರೆ ತುಂಬುವ ಮುನ್ನ

ನನ್ನ ಮಾವ ಮೂವತ್ತೊಂದು ವರ್ಷ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿದವರು. ನಿವೃತ್ತರಾಗಿ ಆರು ವರ್ಷವಾದರೂ ಆ ಕಣ್ಣಿಗೆ ಮಾತ್ರ ನಿವೃತ್ತಿಯಿಲ್ಲ. ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ ಎನ್ನುತ್ತಾರೆ. ನಗದಿದ್ದರೆ ಜಾಸ್ತಿಯೇ ಬೆರೆಸಿದ್ದಾನೆ ಎನ್ನುತ್ತಾರೆ. ಅವರ ಮಗಳು ಮನೆಯವರ ಮಾತು ಮೀರಿ ಕಂಪ್ಯೂಟರ್ ರಿಪೇರಿಯವನಾದ ನನ್ನನ್ನು ಮದುವೆಯಾದಳು. ಅಂದಿನಿಂದ, ಅಂದರೆ ನಾಲ್ಕು ವರ್ಷದಿಂದ, ಆ ಕಣ್ಣು ನನ್ನ ಮೇಲೇ ನೆಟ್ಟಿದೆ. ನನ್ನ ಅಂಗಡಿಯ ಮೆಟ್ಟಿಲನ್ನಂತೂ ಅವರು ತುಳಿದಿರಲಿಲ್ಲ.

ಹಾಗಾಗಿ ಮೊನ್ನೆ ಬೆಳಿಗ್ಗೆ ಕಂಪ್ಯೂಟರನ್ನು ಎದೆಗವಚಿಕೊಂಡು ಅವರು ಒಳಗೆ ಬಂದಾಗ ಅನುಮಾನಪಡುವ ಸರದಿ ನನ್ನದಾಯಿತು. ಇದೇನು, ಪರೀಕ್ಷೆಯೋ? ನಿವೃತ್ತರ ಸಂಘದ ವಿಡಿಯೊಗಳನ್ನು ಜೋಡಿಸುವುದು ಅವರ ಈಗಿನ ಹುಚ್ಚು. ಹಳೇ ಪ್ರೊಸೆಸರ್ ಕುಂಟುತ್ತಿತ್ತೆಂದು ಹೊಸದನ್ನು ತಂದು ತಾವೇ ಕೂರಿಸಿದ್ದರು. ಪರದೆ ಹೊತ್ತಿರಲಿಲ್ಲ.

"ಬೇರೆ ಅಂಗಡಿಯ ಇಬ್ಬರು ಮದರ್‌ಬೋರ್ಡೇ ಬದಲಾಯಿಸಿ ಅಂದ್ರು. ಕಳ್ಳರು," ಎಂದರು.

ಅಷ್ಟರಲ್ಲಿ ನನ್ನಾಕೆಯ ಫೋನ್. "ಅಪ್ಪ ಬಂದ್ರಾ? ಇದೊಂದು ಸರಿಮಾಡಿ ಕೊಡಿ ರೀ. ಕೆಟ್ರೆ ಈ ಜನ್ಮದಲ್ಲಿ ನಮ್ಮನೆ ಕಡೆ ತಲೆ ಹಾಕಲ್ಲ."

ಬೋರ್ಡಿನದೇನೂ ತಪ್ಪಿರಲಿಲ್ಲ. ಅದರೊಳಗಿನ ಬಯೋಸ್ ಎಂಬ ಮೂಲ ತಂತ್ರಾಂಶ ಹಳೆಯದು. ಈ ಪ್ರೊಸೆಸರ್ ಹುಟ್ಟುವ ಮೊದಲೇ ಬರೆದದ್ದು, ಗುರುತು ಹತ್ತುವುದಾದರೂ ಹೇಗೆ? ಹಳೇ ಪ್ರೊಸೆಸರನ್ನೇ ಮತ್ತೆ ಕೂರಿಸಿ, ಬೋರ್ಡನ್ನು ಎಬ್ಬಿಸಿ, ಬಯೋಸನ್ನು ಹೊಸದು ಮಾಡಬೇಕು. ಆಮೇಲೆ ಹೊಸ ಪ್ರೊಸೆಸರ್. ಇಷ್ಟನ್ನೂ ಬಿಡಿಸಿ ಹೇಳಿದೆ.

"ಅಂದ್ರೆ ಹೊಸದನ್ನ ತೆಗೆದಿಟ್ಕೊಂಡು ಹಳೇದನ್ನ ಹಾಕ್ತೀರಿ," ಎಂದರು ಮಾವ. ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಹೊಸದರ ಮೇಲಿನ ನಂಬರನ್ನು ಬರೆದುಕೊಂಡರು. ಸ್ಟೂಲ್ ಎಳೆದು ಸ್ವಿಚ್ಚಿನ ಪಕ್ಕವೇ ಕೂತರು. ನನಗೆ ಮೈಯೆಲ್ಲ ಉರಿಯಿತು. ಆದರೂ ಅವರು ಜೊತೆಗೆ ತಂದಿದ್ದ ಹಳೇ ಪ್ರೊಸೆಸರನ್ನು ಕೂರಿಸಿ ಕೆಲಸ ಶುರುಮಾಡಿದೆ. ಎಷ್ಟು ಮುಗಿಯಿತೆಂದು ತೋರಿಸುವ ಗೆರೆ ಮೂಡಿದ ಪರದೆಯನ್ನು ಅವರ ಕಡೆಗೇ ತಿರುಗಿಸಿದೆ.

"ಮಾವ, ಈ ಗೆರೆ ಪೂರ್ತಿ ತುಂಬೋವರೆಗೆ ಸ್ವಿಚ್ ಮುಟ್ಟಬಾರದು. ಮಧ್ಯೆ ನಿಂತ್ರೆ ಬೋರ್ಡ್ ಮತ್ತೆ ಏಳಲ್ಲ."

ಗೆರೆ ಅರ್ಧ ತುಂಬಿತ್ತು. ಹೊಸ ಪ್ರೊಸೆಸರಿಗೆ ಧೂಳು ಕೂರದಿರಲೆಂದು ಅದನ್ನೆತ್ತಿ ಡ್ರಾಯರಿನಲ್ಲಿಟ್ಟೆ. ಅಲ್ಲೇ ನಾನು ಎಡವಿದ್ದು. ಡ್ರಾಯರಿನಲ್ಲಿ ಅಂಥವು ಇನ್ನೂ ನಾಲ್ಕಿದ್ದವು. ಅನುಮಾನ ಬಂದರೆ ಮೊದಲು ಗಾಡಿ ನಿಲ್ಲಿಸಿ ಆಮೇಲೆ ಪ್ರಶ್ನೆ ಕೇಳುವುದು ತಪಾಸಣೆಯವರ ಅಭ್ಯಾಸ. ಮಾವ ಕೈ ಚಾಚಿ ಸ್ವಿಚ್ ಆರಿಸಿಯೇ ಬಿಟ್ಟರು.

"ತೆಗೀರಿ ಅದನ್ನ!"

ತೆಗೆದು ಕೊಟ್ಟೆ. ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ಪುಸ್ತಕದ ಜೊತೆ ತಾಳೆ ನೋಡಿದರು. ಎಲ್ಲವೂ ಸರಿಯಿತ್ತು. ಇನ್ನೊಮ್ಮೆ ನೋಡಿದರು. ಅಷ್ಟರಲ್ಲಿ ನಾನು ಸ್ವಿಚ್ ಹಾಕಿದ್ದೆ. ಫ್ಯಾನು ತಿರುಗಿತು, ಪರದೆ ಹೊತ್ತಲಿಲ್ಲ. ಮತ್ತೆ ಮೂರು ಸಲ ಹಾಕಿ ನೋಡಿದೆ. ಬೋರ್ಡು ಹೋಗಿತ್ತು.

ಮತ್ತೆ ನನ್ನಾಕೆಯ ಫೋನ್. ಪ್ರೊಸೆಸರಿಗೆ ಬಳಿಯುವ ಪೇಸ್ಟ್ ಕೈಗೆಲ್ಲ ಮೆತ್ತಿಕೊಂಡಿದ್ದರಿಂದ ಸ್ಪೀಕರಿಗೆ ಹಾಕಿದೆ.

"ಏನಾಯ್ತು ರೀ? ಸರಿ ಹೋಯ್ತಾ?"

ನಿಜ ಹೇಳಬಹುದಿತ್ತು. ನಾಲ್ಕು ವರ್ಷದ ಸಿಟ್ಟು ನಾಲಿಗೆಯ ತುದಿಗೇ ಬಂದಿತ್ತು. ಆದರೆ ಮಾವ ಪುಸ್ತಕ ಮಡಚಿಕೊಂಡು ತಲೆ ತಗ್ಗಿಸಿ ಕೂತಿದ್ದರು. ಅವರನ್ನು ಹಾಗೆ ನೋಡಿ ಅಯ್ಯೋ ಅನ್ನಿಸಿತು.

"ಇಲ್ಲ ಕಣೇ. ನನ್ ಕೈಯಲ್ಲೇ ಕೆಟ್ಟೋಯ್ತು. ವೈರಿಗೆ ಕೈ ತಾಗಿ ಮಧ್ಯದಲ್ಲೇ ಆಫ್ ಆಗೋಯ್ತು," ಎಂದೆ.

ಮಾವ ಫೋನಿನ ಕಡೆ ಬಾಗಿದರು.

"ನಿನ್ ಗಂಡ ಸುಳ್ಳು ಹೇಳ್ತಿದಾರೆ ಕಣಮ್ಮ," ಎಂದರು. "ಸ್ವಿಚ್ ಆರಿಸಿದ್ದು ನಾನು."